ಕೀಲಿಕೈಗೂ ಬಂತು ತಿಂಗಳ ಬಾಡಿಗೆ

“ಸರ, ಪಾಸ್‌ವರ್ಡ್ ಅಂದ್ರ ಏನ್ರಿ? ನಮಗ ಅದನ್ನ ಯಾರೂ ಕೊಟ್ಟೇ ಇಲ್ಲಲ್ರಿ.”

ಪಾಲಬಾವಿಯ ಕಬ್ಬು ಬೆಳೆಗಾರರೊಬ್ಬರು ಒಂದು ಸಂಜೆ ಮಗಳನ್ನು ಕರೆದುಕೊಂಡು ಮನೆಗೆ ಬಂದು ಕೇಳಿದ ಪ್ರಶ್ನೆಯಿದು. ಮಗಳು ಹತ್ತನೆಯ ತರಗತಿಯನ್ನು ಒಳ್ಳೆಯ ಅಂಕಗಳೊಡನೆ ಮುಗಿಸಿ ಪಿಯುಸಿ ಸೇರಿದ್ದಳು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಸಣ್ಣದೊಂದು ತಿದ್ದುಪಡಿಯಾಗಬೇಕಿತ್ತು. ಅರ್ಜಿ ತೆರೆಯಬೇಕಾದರೆ ಗುಪ್ತಪದ ಬೇಕು. ಹಿಂದಿನ ವರ್ಷ ಅದನ್ನು ತುಂಬಿಕೊಟ್ಟವನು ಪೇಟೆಯ ಕಂಪ್ಯೂಟರ್ ಅಂಗಡಿಯ ಹುಡುಗ. ಗುಪ್ತಪದ ಅವನ ನೋಟ್‌ಬುಕ್ಕಿನಲ್ಲಿತ್ತು. ‘ಮರೆತಿದ್ದೇನೆ’ ಎಂದು ಒತ್ತಿದರೆ ಬರುವ ಓಟಿಪಿಯೂ ಅವನ ಮೊಬೈಲಿಗೇ ಹೋಗುತ್ತಿತ್ತು. ಅಂಗಡಿಗೆ ಹೋಗಿ ನೋಡಿದರೆ ಶಟರಿಗೆ ಕೀಲಿ. ಹುಡುಗ ಅಂಗಡಿ ಮುಚ್ಚಿ, ಬೇರೆ ಕೆಲಸ ಹುಡುಕಿಕೊಂಡು ಊರು ಬಿಟ್ಟು ಎರಡು ತಿಂಗಳಾಗಿತ್ತು. ಅವನ ಪತ್ತೆ ಹಚ್ಚುವಷ್ಟರಲ್ಲಿ ಕೊನೆಯ ದಿನಾಂಕ ದಾಟಿತು. ಹುಡುಗಿಗೆ ಆ ವರ್ಷದ ವಿದ್ಯಾರ್ಥಿವೇತನ ತಪ್ಪಿತು.

ಆ ಹುಡುಗ ಮೋಸಗಾರನೇನಲ್ಲ. ಹತ್ತಾರು ಹಳ್ಳಿಗಳ ಮಕ್ಕಳ ಅರ್ಜಿಗಳನ್ನು ತುಂಬಿ ಉಪಕಾರ ಮಾಡಿದವನೇ. ತಪ್ಪು ಬೇರೆ ಕಡೆ ಇತ್ತು. ಮನೆ ನಮ್ಮದಾಗಿತ್ತು, ಕೀಲಿಕೈ ಮಾತ್ರ ಮತ್ತೊಬ್ಬರ ಕಿಸೆಯಲ್ಲಿತ್ತು. ‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ’ ಎಂಬ ಗಾದೆ ನೆನಪಾದರೂ ಹೊತ್ತು ಮೀರಿತ್ತು.

ಕಂಪ್ಯೂಟರನ್ನು ಅರೆದು ಕುಡಿದವರಿಗೆ ಇಂಥ ತೊಂದರೆ ಬರುವುದಿಲ್ಲವೆಂದು ನಾವು ತಿಳಿಯುತ್ತೇವೆ. ಆದರೆ 2021ರ ಆಗಸ್ಟ್‌ನಲ್ಲಿ ಅಮೆರಿಕ, ಯೂರೋಪುಗಳ ಸಾವಿರಾರು ಜನ ಕಂಪ್ಯೂಟರ್ ಬಲ್ಲವರು ಇದೇ ಪ್ರಶ್ನೆಯನ್ನು ಕೇಳಿ ಗದ್ದಲವೆಬ್ಬಿಸಿದರು: ನಮ್ಮ ಕೀಲಿಕೈ ಯಾರ ಹತ್ತಿರ ಇರಬೇಕು? ಅದಕ್ಕೆ ನಾವು ಬಾಡಿಗೆಯನ್ನೇಕೆ ಕೊಡಬೇಕು? ಆ ಗದ್ದಲದ ಕಥೆಯಲ್ಲಿ ನಮ್ಮ ಮಕ್ಕಳಿಗೂ ಪಾಲಕರಿಗೂ ಬೇಕಾದ ಪಾಠವಿದೆ.

ಗುಪ್ತಪದ ಹುಟ್ಟಿದ್ದು ಹೀಗೆ

1961ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫರ್ನಾಂಡೊ ಕೋರ್ಬಾಟೊ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಒಂದೇ ಕಂಪ್ಯೂಟರನ್ನು ಏಕಕಾಲಕ್ಕೆ ಹಲವರು ಬಳಸುವ ವ್ಯವಸ್ಥೆಯೊಂದನ್ನು ರೂಪಿಸಿ ತೋರಿಸಿದರು. ಯಂತ್ರವೊಂದೇ, ಬಳಸುವವರು ಅನೇಕರು. ಒಬ್ಬರ ಕಡತವನ್ನು ಇನ್ನೊಬ್ಬರು ನೋಡಬಾರದೆಂದು ಒಬ್ಬೊಬ್ಬರಿಗೂ ಒಂದೊಂದು ಗುಪ್ತಪದ ಕೊಟ್ಟರು. ಇಂದು ನಾವು ಬಳಸುವ ಕಂಪ್ಯೂಟರ್ ಗುಪ್ತಪದಗಳ ಮೂಲ ಇಲ್ಲಿದೆ.

ಮರುವರ್ಷವೇ ಮೊದಲ ಕಳವೂ ಆಯಿತು. ಆಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ನಾಲ್ಕು ಗಂಟೆಯಷ್ಟೇ ಯಂತ್ರ ಸಿಗುತ್ತಿತ್ತು. ಅದು ಅವನ ಕೆಲಸಕ್ಕೆ ಸಾಲದು. ಗುಪ್ತಪದಗಳನ್ನೆಲ್ಲ ಬರೆದಿಟ್ಟ ಕಡತವನ್ನು ಮುದ್ರಿಸಿಕೊಡುವಂತೆ ಯಂತ್ರಕ್ಕೇ ಒಂದು ಕೋರಿಕೆ ಸಲ್ಲಿಸಿದ. ಯಂತ್ರ ವಿಧೇಯವಾಗಿ ಮುದ್ರಿಸಿಕೊಟ್ಟಿತು! ಬೇರೆಯವರ ಹೆಸರಿನಲ್ಲಿ ಅವನು ಕೆಲಸ ಮುಂದುವರಿಸಿದ. ಕೀಲಿಕೈಗಳನ್ನೆಲ್ಲ ಬಿಚ್ಚಿಟ್ಟು ಒಂದೇ ಕಡೆ ಕೂಡಿಡುವುದು ಎಷ್ಟು ಅಪಾಯವೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

2009ರ ಡಿಸೆಂಬರಿನಲ್ಲಿ ‘ರಾಕ್‌ಯೂ’ ಎಂಬ ಅಮೆರಿಕದ ಸಂಸ್ಥೆಯಿಂದ 3.2 ಕೋಟಿ ಗುಪ್ತಪದಗಳು ಕಳುವಾದವು. ಅವನ್ನು ಆ ಸಂಸ್ಥೆ ಯಾವ ಮುಸುಕೂ ಇಲ್ಲದೆ ಇದ್ದ ಹಾಗೆಯೇ ಬರೆದಿಟ್ಟಿತ್ತು. ಅವುಗಳಲ್ಲಿ ಅತ್ಯಂತ ಜನಪ್ರಿಯವಾದದ್ದು 123456. ಮನುಷ್ಯನ ನೆನಪಿಗೆ ಮಿತಿಯಿದೆ. ಹತ್ತಾರು ಗುಪ್ತಪದಗಳನ್ನು ನೆನಪಿಡಲಾಗದೆ ಅವನು ಸುಲಭವಾದುದನ್ನು ಆರಿಸುತ್ತಾನೆ, ಒಂದನ್ನೇ ಎಲ್ಲ ಕಡೆ ಬಳಸುತ್ತಾನೆ. ಒಂದು ಕಡೆ ಕಳುವಾದರೆ ಎಲ್ಲ ಬಾಗಿಲುಗಳೂ ತೆರೆದುಕೊಳ್ಳುತ್ತವೆ.

ಒಂದೇ ತಿಜೋರಿ, ಒಂದೇ ಕೈ

ಇದಕ್ಕೆ ಕಂಡುಕೊಂಡ ಪರಿಹಾರವೇ ಗುಪ್ತಪದಗಳನ್ನು ಕಾಯುವ ತಂತ್ರಾಂಶ. ಎಲ್ಲ ಕೀಲಿಕೈಗಳನ್ನೂ ಒಂದು ತಿಜೋರಿಯಲ್ಲಿಟ್ಟು, ತಿಜೋರಿಯ ಕೈಯೊಂದನ್ನು ಮಾತ್ರ ನೆನಪಿಟ್ಟುಕೊಂಡರೆ ಸಾಕು. ಅಮೆರಿಕದ ಭದ್ರತಾ ತಜ್ಞ ಬ್ರೂಸ್ ಶ್ನಾಯರ್ 1997ರಲ್ಲಿ ‘ಪಾಸ್‌ವರ್ಡ್ ಸೇಫ್’ ಎಂಬುದನ್ನು ಹೊರತಂದರು. 2003ರಲ್ಲಿ ಜರ್ಮನಿಯ ಡೊಮಿನಿಕ್ ರೈಕ್ಲ್ ‘ಕೀಪಾಸ್’ ಎಂಬ ಉಚಿತ ತಂತ್ರಾಂಶ ಕೊಟ್ಟರು. 2006ರಲ್ಲಿ ಕೆನಡಾದ ಸಣ್ಣ ಕಂಪನಿಯೊಂದು ಆಪಲ್ ಕಂಪ್ಯೂಟರುಗಳಿಗಾಗಿ ಹೊರತಂದದ್ದು ಮುಂದೆ ‘ಒನ್‌ಪಾಸ್‌ವರ್ಡ್’ ಎಂದು ಪ್ರಸಿದ್ಧವಾಯಿತು.

ಹಿಂದೆ ಹೇಳಿದ ಶೆರ್‌ನ ಕಡತಕ್ಕೂ ಈ ತಿಜೋರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಗುಪ್ತಪದಗಳು ಗಣಿತದ ಮುಸುಕಿನಲ್ಲಿರುತ್ತವೆ. ನೀವು ಕೊಡುವ ಮುಖ್ಯ ಗುಪ್ತಪದವನ್ನು ತಂತ್ರಾಂಶವು ಲಕ್ಷ ಸಲ ಅಥವಾ ಇನ್ನೂ ಹೆಚ್ಚು ಸಲ ಗಣಿತದ ಗಿರಣಿಗೆ ಹಾಕಿ ಬೀಸುತ್ತದೆ. ಕೊನೆಗೆ ಬಂದ ಹಿಟ್ಟೇ ತಿಜೋರಿಯ ನಿಜವಾದ ಕೀಲಿಕೈ. ಹಿಟ್ಟಿನಿಂದ ಮತ್ತೆ ಜೋಳ ಮಾಡಲಾಗುವುದಿಲ್ಲವಲ್ಲ, ಹಾಗೆ ಇಲ್ಲಿಯೂ ಹಿಂದಕ್ಕೆ ಹೋಗುವ ದಾರಿಯಿಲ್ಲ. ಲಕ್ಷ ಸಲ ಬೀಸುವುದೇಕೆ? ಮಾಲೀಕನಿಗೆ ಒಂದೇ ಸಲ ಬೀಸಬೇಕಾದ್ದರಿಂದ ಅರೆಕ್ಷಣದ ತಡ ತಿಳಿಯುವುದೇ ಇಲ್ಲ. ಕಳ್ಳನಾದರೋ ಕೋಟಿ ಊಹೆಗಳನ್ನು ಪರೀಕ್ಷಿಸಬೇಕು. ಒಂದೊಂದಕ್ಕೂ ಲಕ್ಷ ಸಲ ಬೀಸುವಷ್ಟರಲ್ಲಿ ಅವನ ಯಂತ್ರ ಸುಸ್ತಾಗುತ್ತದೆ.

ಗದ್ದಲವಾದದ್ದು ಏಕೆ?

ಒನ್‌ಪಾಸ್‌ವರ್ಡ್ ತಂತ್ರಾಂಶವನ್ನು ಮೊದಲು ಜನ ಒಂದು ಸಲ ಹಣ ಕೊಟ್ಟು ಕೊಳ್ಳುತ್ತಿದ್ದರು. ಗುಪ್ತಪದಗಳ ತಿಜೋರಿ ಅವರ ಸ್ವಂತ ಕಂಪ್ಯೂಟರಿನಲ್ಲೇ ಇರುತ್ತಿತ್ತು. ಫೋನಿಗೂ ಕಂಪ್ಯೂಟರಿಗೂ ಹೊಂದಿಸಬೇಕಾದರೆ ಮನೆಯೊಳಗಿನ ವೈಫೈ ಸಾಕಾಗುತ್ತಿತ್ತು. ಬೇಕೆಂದರೆ ತಮಗೆ ಒಪ್ಪಿಗೆಯಾದ ಬೇರೊಂದು ಸೇವೆಯನ್ನು ಬಳಸಬಹುದಿತ್ತು. 2016ರಲ್ಲಿ ಕಂಪನಿಯು ಕುಟುಂಬಗಳಿಗೂ ವ್ಯಕ್ತಿಗಳಿಗೂ ಚಂದಾ ಪದ್ಧತಿಯನ್ನು ಆರಂಭಿಸಿತು. ಆದರೂ ಹಳೆಯ ದಾರಿ ತೆರೆದೇ ಇತ್ತು. 2019ರಲ್ಲಿ ಅದಕ್ಕೆ ಹೊರಗಿನ ಹೂಡಿಕೆದಾರರಿಂದ 20 ಕೋಟಿ ಡಾಲರ್ ಬಂಡವಾಳ ಬಂತು.

2021ರ ಆಗಸ್ಟ್‌ನಲ್ಲಿ ಎಂಟನೆಯ ಆವೃತ್ತಿಯ ಪ್ರಯೋಗಾರ್ಥ ರೂಪ ಹೊರಬಿದ್ದಾಗ ಬಳಕೆದಾರರಿಗೆ ಸಿಡಿಲು ಬಡಿದಂತಾಯಿತು. ಒಂದೇ ಸಲ ಕೊಳ್ಳುವ ಅವಕಾಶ ಹೋಗಿತ್ತು. ಸ್ವಂತ ಕಂಪ್ಯೂಟರಿನಲ್ಲಿ ಮಾತ್ರ ತಿಜೋರಿ ಇಡುವ ಅವಕಾಶವೂ ಹೋಗಿತ್ತು. ಇನ್ನು ಮುಂದೆ ಚಂದಾ ಕಟ್ಟಬೇಕು, ತಿಜೋರಿಯ ಪ್ರತಿ ಕಂಪನಿಯ ‘ಮೋಡ’ದಲ್ಲಿರಬೇಕು. ‘ಮೋಡ’ವೆಂದರೆ ಆಕಾಶದಲ್ಲಿರುವುದಲ್ಲ, ಎಲ್ಲೋ ದೂರದ ಕಟ್ಟಡದಲ್ಲಿರುವ ಮತ್ತೊಬ್ಬರ ಕಂಪ್ಯೂಟರ್. ಹತ್ತು ವರ್ಷಕ್ಕೂ ಮಿಕ್ಕಿ ನಂಬಿ ಬಳಸಿದವರು, ಸ್ನೇಹಿತರಿಗೆಲ್ಲ ಶಿಫಾರಸು ಮಾಡಿದವರು ಸಿಟ್ಟಾದರು. ಕೆಲವರು ಹಳೆಯ ಆವೃತ್ತಿಯಲ್ಲೇ ಉಳಿದರು. ಕೆಲವರು ಕೀಪಾಸ್‌ನಂಥ ಉಚಿತ ತಂತ್ರಾಂಶಗಳಿಗೆ, ಇನ್ನು ಕೆಲವರು 2016ರಲ್ಲಿ ಬಂದ ‘ಬಿಟ್‌ವಾರ್ಡನ್’ಗೆ ಹೋದರು. ಬಹಳಷ್ಟು ಜನ ಗೊಣಗುತ್ತಲೇ ಚಂದಾ ಕಟ್ಟಿದರು.

ಕಂಪನಿಯ ಮಾತನ್ನೂ ಕೇಳುವುದು ನ್ಯಾಯ. ತಂತ್ರಾಂಶವೆಂಬುದು ಒಮ್ಮೆ ಮಾಡಿ ಮಾರಿಬಿಡುವ ಪಾತ್ರೆಯಲ್ಲ. ಫೋನು, ಕಂಪ್ಯೂಟರುಗಳ ಒಳವ್ಯವಸ್ಥೆ ವರ್ಷವರ್ಷವೂ ಬದಲಾಗುತ್ತದೆ, ಹೊಸ ಹೊಸ ಬಿರುಕುಗಳು ಬೆಳಕಿಗೆ ಬರುತ್ತವೆ. ಅದನ್ನೆಲ್ಲ ಸರಿಪಡಿಸುವ ಎಂಜಿನಿಯರುಗಳಿಗೆ ತಿಂಗಳ ಸಂಬಳ ಕೊಡಬೇಕು. ದುರಸ್ತಿ ನಿಂತ ತಿಜೋರಿ ಹೆಚ್ಚು ದಿನ ಬಾಳುವುದಿಲ್ಲ. ಮೋಡದಲ್ಲಿಟ್ಟರೂ ಮುಖ್ಯ ಗುಪ್ತಪದ ಕಂಪನಿಗೆ ತಿಳಿಯುವುದಿಲ್ಲ. ಅದರ ಜೊತೆಗೆ ಗ್ರಾಹಕನ ಯಂತ್ರದಲ್ಲೇ ಹುಟ್ಟುವ 128 ಬಿಟ್‌ಗಳ ಇನ್ನೊಂದು ರಹಸ್ಯ ಸಂಖ್ಯೆಯೂ ಬೇಕು. ಅದನ್ನು ಊಹಿಸಬೇಕಾದರೆ 39 ಅಂಕಿಗಳಷ್ಟು ದೊಡ್ಡ ಸಂಖ್ಯೆಯ ಸಾಧ್ಯತೆಗಳನ್ನು ಜಾಲಾಡಬೇಕು. ಈ ರಚನೆ ಗಟ್ಟಿಯಾದದ್ದೇ. ಆದರೆ ಗ್ರಾಹಕರ ಸಿಟ್ಟು ಗಣಿತದ ಮೇಲಿನದಲ್ಲ. ಆಯ್ಕೆಯನ್ನು ಕಿತ್ತುಕೊಂಡದ್ದರ ಮೇಲಿನದು.

ಹಗೇವು ಮತ್ತು ಗೋದಾಮು

ನಮ್ಮ ಕಡೆಯ ಹಿರಿಯರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಹಗೇವು ಬಿಟ್ಟು ಗೋದಾಮಿಗೆ ಹೋಗು ಎಂದಂತೆ. ಇಂದಿನ ಮಕ್ಕಳು ಹಗೇವನ್ನು ಕಂಡಿರಲಿಕ್ಕಿಲ್ಲ. ನೆಲದೊಳಗೆ ಕುಣಿ ತೋಡಿ, ಒಳಗೆ ಕಣಿಕೆ ಹೊಟ್ಟು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬುವುದರಿಂದ ಹುಳುಗಳು ಬದುಕುತ್ತಿರಲಿಲ್ಲ. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ; ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಬಾಡಿಗೆಯಿಲ್ಲ, ರಸೀದಿಯಿಲ್ಲ. ಎಲ್ಲಿದೆಯೆಂಬುದು ಮನೆಯವರಿಗೆ ಮಾತ್ರ ಗೊತ್ತು.

ಗೋದಾಮಿಗೆ ಕಾವಲುಗಾರನಿದ್ದಾನೆ, ವಿಮೆಯಿದೆ, ತೂಕದ ಲೆಕ್ಕವಿದೆ. ಆದರೆ ಊರಿನವರೆಲ್ಲರ ಜೋಳ ಒಂದೇ ಕಡೆ ಇದೆಯೆಂದರೆ ಕಳ್ಳನ ಕಣ್ಣು ಬೀಳುವುದೂ ಅಲ್ಲಿಗೇ. ಈ ಮಾತಿಗೆ ಸಾಕ್ಷಿ 2022ರಲ್ಲಿ ಸಿಕ್ಕಿತು. ‘ಲಾಸ್ಟ್‌ಪಾಸ್’ ಎಂಬ ಮತ್ತೊಂದು ಹೆಸರಾಂತ ಕಂಪನಿಯ ಮೋಡದಿಂದ ಗ್ರಾಹಕರ ತಿಜೋರಿಗಳ ಪ್ರತಿಗಳನ್ನೇ ಕಳ್ಳರು ಎತ್ತಿಕೊಂಡು ಹೋದರೆಂದು ಆ ವರ್ಷದ ಡಿಸೆಂಬರಿನಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಗುಪ್ತಪದಗಳು ಮುಸುಕಿನೊಳಗಿದ್ದವು, ಆದರೆ ಯಾರು ಯಾವ ಯಾವ ತಾಣದಲ್ಲಿ ಖಾತೆ ಹೊಂದಿದ್ದಾರೆಂಬ ವಿಳಾಸಗಳಿಗೆ ಮುಸುಕಿರಲಿಲ್ಲ. ಕಂಪನಿಯ ಎಂಜಿನಿಯರೊಬ್ಬರ ಮನೆಯ ಕಂಪ್ಯೂಟರಿನ ಮೂಲಕ ಕಳ್ಳರು ಒಳನುಗ್ಗಿದ್ದರೆಂಬುದು ಆಮೇಲೆ ತಿಳಿಯಿತು. ದುರ್ಬಲವಾದ ಮುಖ್ಯ ಗುಪ್ತಪದ ಇಟ್ಟುಕೊಂಡಿದ್ದವರಿಗೆ ಅಪಾಯ ಇಂದಿಗೂ ತಪ್ಪಿಲ್ಲ. ಕದ್ದ ತಿಜೋರಿಯನ್ನು ಮುಂದಿಟ್ಟುಕೊಂಡು ಕಳ್ಳ ವರ್ಷಗಟ್ಟಲೆ ಕೂತು ಊಹಿಸಬಹುದಲ್ಲ!

ಹಾಗಾದರೆ ಹಗೇವೇ ಮೇಲೆಂದು ತೀರ್ಮಾನಿಸೋಣವೇ? ಅವಸರ ಬೇಡ. 2019ರ ಆಗಸ್ಟ್ ತಿಂಗಳನ್ನು ನಮ್ಮ ಜಿಲ್ಲೆ ಮರೆತಿಲ್ಲ. ಕೃಷ್ಣೆ, ಘಟಪ್ರಭೆಗಳು ಉಕ್ಕಿ ಬಂದಾಗ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ನದಿತೀರದ ಊರುಗಳಲ್ಲಿ ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟರು. ಟ್ರಂಕಿನಲ್ಲಿ ಜೋಪಾನವಾಗಿಟ್ಟ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಹೊಲದ ಕಾಗದಗಳು ನೀರುಪಾಲಾದವು. ಆಗ ಬೇರೆ ಊರಿನಲ್ಲಿ ಒಂದು ಪ್ರತಿ ಇದ್ದವನೇ ಪುಣ್ಯವಂತ. ಮನೆಯಲ್ಲೊಂದೇ ಪ್ರತಿ ಇಡುವುದು ಎಷ್ಟು ಅಪಾಯವೋ ಪರರ ಗೋದಾಮಿನಲ್ಲೊಂದೇ ಪ್ರತಿ ಇಡುವುದೂ ಅಷ್ಟೇ ಅಪಾಯ. 2015ರ ಜುಲೈನಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ಡಿಜಿಲಾಕರ್’ ಇಂಥ ಹೊತ್ತಿಗೆ ನೆರವಾಗುವಂಥದು. ಆದರೆ ಅದಕ್ಕೂ ಒಂದು ಗುಪ್ತಸಂಖ್ಯೆ, ಒಂದು ಮೊಬೈಲ್ ನಂಬರು ಬೇಕೇಬೇಕು. ಕೊನೆಗೆ ಎಲ್ಲ ದಾರಿಗಳೂ ಬಂದು ಕೀಲಿಕೈಯ ಹತ್ತಿರವೇ ನಿಲ್ಲುತ್ತವೆ.

ಬಾಡಿಗೆಯ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ಒನ್‌ಪಾಸ್‌ವರ್ಡ್ ಏಳನೆಯ ಆವೃತ್ತಿಯನ್ನು ಒಂದೇ ಸಲ ಕೊಳ್ಳುವವರಿಗೆ ಬೆಲೆ 65 ಡಾಲರ್ ಸಮೀಪವಿತ್ತು. ಆಗ ಚಂದಾ ತಿಂಗಳಿಗೆ 3 ಡಾಲರಿನಂತೆ ವರ್ಷಕ್ಕೆ 36 ಡಾಲರ್ ಇತ್ತು. 22ನೆಯ ತಿಂಗಳಿಗೆ ಚಂದಾ ಮೊತ್ತ ಖರೀದಿ ಬೆಲೆಯನ್ನು ದಾಟುತ್ತಿತ್ತು. ಐದು ವರ್ಷಕ್ಕೆ 180 ಡಾಲರ್. ಖರೀದಿಸಿದವನೂ ಕೆಲವು ವರ್ಷಗಳಿಗೊಮ್ಮೆ ಹೊಸ ಆವೃತ್ತಿಗೆ ಹಣ ಕೊಡಬೇಕಿತ್ತೆಂಬುದನ್ನು ಮರೆಯುವಂತಿಲ್ಲ. ಆದರೆ ಯಾವಾಗ ಕೊಡಬೇಕೆಂಬುದು ಅವನ ಇಚ್ಛೆಯಾಗಿತ್ತು. ಈ ಬೆಳೆ ಬರಲಿ ಎಂದು ಒಂದು ವರ್ಷ ಮುಂದೂಡಬಹುದಿತ್ತು. ಬಾಡಿಗೆಗೆ ಅಂಥ ಮುಲಾಜಿಲ್ಲ.

ಹಣಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಚಂದಾ ನಿಂತರೆ ಒಳಗಿರುವ ಮಾಲಿನ ಗತಿಯೇನು? ಒನ್‌ಪಾಸ್‌ವರ್ಡ್‌ನಲ್ಲಿ ಚಂದಾ ಮುಗಿದವರು ತಮ್ಮ ಗುಪ್ತಪದಗಳನ್ನು ನೋಡಬಹುದು, ಹೊರತೆಗೆದುಕೊಳ್ಳಬಹುದು, ಹೊಸದನ್ನು ಮಾತ್ರ ಸೇರಿಸಲಾಗದು. ಇದು ಸಭ್ಯ ರೀತಿ. ಎಲ್ಲ ಸೇವೆಗಳೂ ಹೀಗೆಯೇ ಇರುತ್ತವೆಂಬ ಭರವಸೆಯಿಲ್ಲ. ಉಚಿತವೆಂದು ನಂಬಿದ್ದೂ ಕೈಕೊಡಬಹುದು. ಲಾಸ್ಟ್‌ಪಾಸ್ 2021ರ ಮಾರ್ಚಿನಲ್ಲಿ ಉಚಿತ ಗ್ರಾಹಕರಿಗೆ ‘ಕಂಪ್ಯೂಟರ್ ಅಥವಾ ಮೊಬೈಲ್, ಎರಡರಲ್ಲೊಂದು ಆರಿಸಿಕೊಳ್ಳಿ’ ಎಂದಿತು. ಮೈಕ್ರೋಸಾಫ್ಟ್ ಕಂಪನಿ ತನ್ನ ‘ಆಥೆಂಟಿಕೇಟರ್’ನಲ್ಲಿ ಗುಪ್ತಪದ ಉಳಿಸಿಡುವ ಸೌಲಭ್ಯವನ್ನು 2025ರ ಆಗಸ್ಟ್‌ನಿಂದ ನಿಲ್ಲಿಸಿತು.

ಕನ್ನಡಿಗರಿಗೆ ಇಂಥ ಅನುಭವ ಹೊಸದಲ್ಲ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಹೊರತಂದ ‘ಬರಹ’ ಹಲವು ವರ್ಷ ಉಚಿತವಾಗಿ ದೊರೆಯಿತು. ಮುಂದಿನ ಆವೃತ್ತಿಗಳಿಗೆ ಬೆಲೆ ಬಂತು. ಅದರಲ್ಲಿ ತಪ್ಪೇನೂ ಇಲ್ಲ, ದುಡಿದವರಿಗೆ ಕೂಲಿ ಸಲ್ಲಬೇಕು. ನಮಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿಟ್ಟ ಪ್ರಶ್ನೆಪತ್ರಿಕೆ, ನಾಟಕ, ವಂಶಾವಳಿಗಳನ್ನು ಇಂದು ತೆರೆದರೆ ಎಷ್ಟೋ ಸಲ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಕಡತ ನಮ್ಮ ಮನೆಯಲ್ಲೇ ಇದೆ, ಓದುವ ಕಣ್ಣು ಮಾತ್ರ ನಮ್ಮದಲ್ಲ. ಆದ್ದರಿಂದ ಯಾವುದೇ ಸೇವೆ ಸೇರುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ರೂಪಾಯಿ?’ ಎಂಬುದಲ್ಲ. ‘ಬಿಟ್ಟು ಹೋಗುವಾಗ ನನ್ನ ಸಾಮಾನು ಕಟ್ಟಿಕೊಂಡು ಹೋಗಬಹುದೇ?’ ಎಂಬುದು.

ಪಾಲಕರು ಗಮನಿಸಬೇಕಾದ ಒಂದು ಸಂಗತಿಯಿದೆ. ಮಕ್ಕಳು ಪಾಠದ ಆ್ಯಪ್, ಹಾಡಿನ ಆ್ಯಪ್ ಎಂದು ಚಂದಾ ಹಚ್ಚಿಬಿಟ್ಟರೆ ಖಾತೆಯಿಂದ ಹಣ ತಾನಾಗಿ ಕಡಿತವಾಗುತ್ತಿರುತ್ತದೆ. 2021ರ ಅಕ್ಟೋಬರ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿಸಬೇಕು. ಕೊಟ್ಟ ಅನುಮತಿಯನ್ನು ಅವನು ಹಿಂತೆಗೆದುಕೊಳ್ಳಬಹುದು. ಬ್ಯಾಂಕಿನಿಂದ ಬಂದ ಸಂದೇಶವನ್ನು ಓದದೆ ಅಳಿಸಬೇಡಿ.

ಮನೆಯಲ್ಲೇ ಮಾಡಬಹುದಾದದ್ದು

ಹಾಗೆಂದು ಪ್ರತಿ ಮನೆಯವರೂ ಡಾಲರ್ ಕೊಟ್ಟು ತಿಜೋರಿ ಕೊಳ್ಳಬೇಕಾಗಿಲ್ಲ. ಕೆಲವು ಸರಳ ಕ್ರಮಗಳು ಸಾಕು.

ಮೊದಲನೆಯದು, ಮಕ್ಕಳ ಅರ್ಜಿಗಳಿಗೆಲ್ಲ ಮನೆಯವರದೇ ಮೊಬೈಲ್ ನಂಬರು ಕೊಡಿ. ಆ ಸಿಮ್ ರಿಚಾರ್ಜ್ ಆಗುತ್ತಿರಲಿ; ಬಹುಕಾಲ ಬಳಸದ ನಂಬರು ಬೇರೊಬ್ಬರಿಗೆ ಹೋಗಬಹುದು. ಅರ್ಜಿ ತುಂಬಿಸುವಾಗ ಅಂಗಡಿಯವನ ಪಕ್ಕದಲ್ಲಿ ಕುಳಿತು ಗುಪ್ತಪದವನ್ನು ವಿದ್ಯಾರ್ಥಿಯೇ ಬೆರಳಿಂದ ಒತ್ತಲಿ.

ಎರಡನೆಯದು, ಒಂದು ವಹಿ ಇಡಿ. ‘ಗುಪ್ತಪದವನ್ನು ಬರೆದಿಡಬಾರದು’ ಎಂಬ ಮಾತನ್ನು ನಾವೂ ಶಾಲೆಯಲ್ಲಿ ಹೇಳುತ್ತಾ ಬಂದವರೇ. ಆದರೆ ಶ್ನಾಯರ್ ಅವರಂಥ ತಜ್ಞರೇ 2005ರಲ್ಲಿ ಗಟ್ಟಿಯಾದ ಗುಪ್ತಪದವನ್ನು ಚೀಟಿಯಲ್ಲಿ ಬರೆದು ಹಣದ ಪಾಕೀಟಿನಲ್ಲಿಟ್ಟುಕೊಳ್ಳಿ ಎಂದು ಸಲಹೆ ಕೊಟ್ಟರು. ದೂರದೇಶದ ಕಳ್ಳ ನಿಮ್ಮ ಅಡುಗೆಮನೆಯ ಡಬ್ಬಿಯೊಳಗಿನ ವಹಿಯನ್ನು ಓದಲಾರ. ಬ್ಯಾಂಕಿನ ಪಿನ್ ಮಾತ್ರ ಅದರಲ್ಲಿ ಬೇಡ. ವಹಿಯ ಇನ್ನೊಂದು ಪ್ರತಿ ನಂಬಿಕೆಯ ಬಂಧುವಿನ ಮನೆಯಲ್ಲಿರಲಿ. ನೆರೆಯ ನೆನಪಿರಲಿ.

ಮೂರನೆಯದು, ಗುಪ್ತಪದ ಉದ್ದವಾಗಿರಲಿ. ಇಂಗ್ಲಿಷಿನ ಎಂಟು ಸಣ್ಣ ಅಕ್ಷರಗಳಿಂದ ಸುಮಾರು 20,882 ಕೋಟಿ ಗುಪ್ತಪದಗಳಾಗುತ್ತವೆ. ದೊಡ್ಡದೆನಿಸಿತೇ? ಸೆಕೆಂಡಿಗೆ 100 ಕೋಟಿ ಊಹೆ ಮಾಡುವ ಯಂತ್ರ ನಾಲ್ಕು ನಿಮಿಷದೊಳಗೆ ಎಲ್ಲವನ್ನೂ ಮುಗಿಸುತ್ತದೆ. ಅದರ ಬದಲು 7,776 ಪದಗಳ ಪಟ್ಟಿಯೊಂದರಿಂದ ದಾಳ ಹಾಕಿ ಐದು ಪದ ಆರಿಸಿದರೆ ಅದೇ ಯಂತ್ರಕ್ಕೆ ಸುಮಾರು 900 ವರ್ಷ ಬೇಕು. ದಾಳವನ್ನು ಐದು ಸಲ ಎಸೆದರೆ ಒಂದು ಪದ, ಏಕೆಂದರೆ ಆರರ ಐದನೆಯ ಘಾತ 7,776. ಅರ್ನಾಲ್ಡ್ ರೈನ್‌ಹೋಲ್ಡ್ ಎಂಬುವರು 1995ರಲ್ಲಿ ತೋರಿಸಿದ ಉಪಾಯವಿದು. ‘ಎಮ್ಮೆ, ರೈಲು, ಬದನೆ, ಕೊಡೆ, ಗಂಟೆ’ ಎಂಬಂತೆ ಸಂಬಂಧವಿಲ್ಲದ ಪದಗಳಾಗಿರಬೇಕು. ಅಚ್ಚಾದ ಈ ಐದನ್ನೇ ಇಟ್ಟುಕೊಳ್ಳಬೇಡಿ! ಗಾದೆ, ಹಾಡಿನ ಸಾಲು, ಹುಟ್ಟಿದ ದಿನ ಬೇಡ.

ನಾಲ್ಕನೆಯದು, ಮಿಂಚಂಚೆ, ಬ್ಯಾಂಕು, ಡಿಜಿಲಾಕರ್ ಈ ಮೂರಕ್ಕೂ ಬೇರೆ ಬೇರೆ ಗುಪ್ತಪದವಿರಲಿ. ಮಿಂಚಂಚೆಯ ಕೈ ಸಿಕ್ಕವನಿಗೆ ಉಳಿದ ಬಾಗಿಲುಗಳನ್ನು ತೆರೆಯುವುದು ಕಷ್ಟವಲ್ಲ. ತಂತ್ರಾಂಶವನ್ನೇ ಬಳಸುವುದಾದರೆ ಮುಖ್ಯ ಗುಪ್ತಪದವನ್ನು ಗಟ್ಟಿಯಾಗಿಡಿ, ವರ್ಷಕ್ಕೆರಡು ಸಲ ಒಳಗಿನದರ ಪ್ರತಿ ತೆಗೆದಿಡಿ. ಯಾವ ತಿಂಗಳು ಚಂದಾ ನಿಂತರೂ ನಿಮ್ಮ ಕೈ ಖಾಲಿಯಾಗಿರಬಾರದು. ಹಣ ಕಳುವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮೊದಲು ಹೇಳಿದ ಹುಡುಗಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮರುವರ್ಷ ಅವಳೇ ಅರ್ಜಿ ತುಂಬಿದಳು, ತಂದೆಯ ಮೊಬೈಲ್ ನಂಬರು ಕೊಟ್ಟಳು, ವಿದ್ಯಾರ್ಥಿವೇತನವೂ ಬಂತು. ಈಗ ಅವಳ ಓಣಿಯ ಮಕ್ಕಳು ಅರ್ಜಿಗೆಂದು ಅವಳ ಹತ್ತಿರ ಬರುತ್ತಾರಂತೆ. ಗುಪ್ತಪದ ಒತ್ತುವ ಹೊತ್ತು ಬಂದಾಗ ಅವಳು ಕುರ್ಚಿ ಬಿಟ್ಟೆದ್ದು ಆ ಕಡೆ ಮುಖ ತಿರುಗಿಸಿ ನಿಲ್ಲುತ್ತಾಳೆಂದು ಅವಳ ತಂದೆ ಮೊನ್ನೆ ಸಂತೆಯಲ್ಲಿ ಸಿಕ್ಕಾಗ ನಗುತ್ತಾ ಹೇಳಿದರು: “ಕೀಲಿಕೈ ಅವರವರ ಹತ್ರಾನ ಇರಬೇಕಂತರಿ, ಸರ.”

ಆ ಮಾತಿಗೆ ಸೇರಿಸುವಂಥದು ನಮ್ಮ ಹತ್ತಿರ ಏನೂ ಉಳಿದಿರಲಿಲ್ಲ.